ಎರಡನೇ ರಿಪೋರ್ಟಿನ ರಕ್ತ

ಹನಕೆರೆ
ಭಾನುವಾರ, 14-9-2025

ಮಗಳು ಗಗನಳಿಗೆ ಅಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ ಎಂದು ಬರೆದರೆ ನೀನು ನಂಬುವುದಿಲ್ಲ. ಅದಕ್ಕೇ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ನಿನ್ನ ಅಮ್ಮ ಸರಿಯಾಗಿ ಉಣ್ಣುತ್ತಿಲ್ಲ. ನಿನ್ನ ಅಣ್ಣ ಅಪ್ಪು ಕಾಲೇಜಿನಿಂದ ಬಂದವನೇ ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಮಲಗುತ್ತಾನೆ. ನಾನು ಮಾತ್ರ ಎರಡು ಹೊತ್ತೂ ಮುದ್ದೆ ಉಣ್ಣುತ್ತಿದ್ದೇನೆ, ಅದಕ್ಕೆ ಅಮ್ಮ ನನ್ನನ್ನು ಕೆಕ್ಕರಿಸಿಕೊಂಡು ನೋಡುತ್ತಾಳೆ. ನೀನು ಮನೆ ಬಿಟ್ಟು ಮೂರೂವರೆ ವಾರವಾಯಿತು. ಈ ಕಾಗದ ಮೊದಲ ದಿನವೇ ಬರೆಯಬೇಕಿತ್ತು. ತಪ್ಪಾಯಿತು.

ಫೋನು ಮಾಡಿದರೆ ಕಟ್ ಮಾಡುತ್ತೀಯ. ಮಳವಳ್ಳಿಗೇ ಬಂದೆ, ನೀನು ಕೋಣೆಯ ಬಾಗಿಲು ತೆಗೆಯಲಿಲ್ಲ. ನಿನ್ನ ಶಶಿರೇಖಾ ಅತ್ತೆ ಕೊಟ್ಟ ಕಾಫಿ ಕುಡಿದು, ಸ್ವಂತ ತಂಗಿಯ ಮನೆಯಲ್ಲಿ ಬೀಗರ ಹಾಗೆ ಅರ್ಧ ಗಂಟೆ ಗಡಿಯಾರ ನೋಡಿಕೊಂಡು ಕೂತು ವಾಪಸ್ ಬಂದೆ. ಬಸ್ಸು ಹತ್ತಿಸುವಾಗ ಅವಳು ಹೇಳಿದ ಮಾತು ಕೇಳಿದ ಮೇಲೆ ಇನ್ನು ಸುಮ್ಮನಿರಲು ಆಗಲಿಲ್ಲ.

“ಅವ್ಳು ಮಾತ್ರೆ ಮುಟ್ತಾನೇ ಇಲ್ಲ ಕಣಣ್ಣ. ಕಿಟ್ಕಿ ಮ್ಯಾಲೆ ಅಂಗೇ ಬಿದ್ದವೆ. ಕೇಳುದ್ರೆ, ನಾನು ಗಂಡೋ ಎಣ್ಣೋ ಅಂತ್ಲೇ ಗೊತ್ತಿಲ್ಲ, ಯಾವ್ ಮಾತ್ರೆ ನುಂಗ್ಲಿ ಅಂತಾಳೆ.”

ಆದ್ದರಿಂದ ಮೊದಲು ಮುಖ್ಯವಾದದ್ದನ್ನು ಹೇಳಿಬಿಡುತ್ತೇನೆ. ಆಗಸ್ಟ್ 20ರಂದು ಕೊರಿಯರ್‌ನಲ್ಲಿ ಬಂತಲ್ಲ, ನೀನು ಒಡೆದು ಓದಿದೆಯಲ್ಲ, ನಿನ್ನ ಹೆಸರು, ನಿನ್ನ ವಯಸ್ಸು ಹತ್ತೊಂಬತ್ತು, ಕೆಳಗೆ 46, ಎಕ್ಸ್‌ವೈ, ಗಂಡಸಿನದು ಎಂದಿತ್ತಲ್ಲ, ಆ ರಿಪೋರ್ಟು ನಿನ್ನದಲ್ಲ. ಆ ರಕ್ತ ನನ್ನದು. ನಿನ್ನ ಹೆಸರಿನಲ್ಲಿ ನಾನು ನನ್ನ ರಕ್ತ ಕಳಿಸಿದ್ದೆ.

ಇದನ್ನು ಓದಿ ನೀನು ಏನು ಯೋಚಿಸುತ್ತಿದ್ದೀಯ ಎಂದು ನನಗೆ ಗೊತ್ತು. ನನ್ನನ್ನು ಮನೆಗೆ ಕರೆಸಿಕೊಳ್ಳಲು ಅಪ್ಪ ಹೊಸ ಸುಳ್ಳು ಕಟ್ಟಿದ್ದಾರೆ ಎಂದು ತಾನೆ? ಅನುಮಾನಪಡು, ತಪ್ಪಿಲ್ಲ. ನನ್ನ ಮಗಳು ಇನ್ನು ಹೇಗಿರುತ್ತಾಳೆ? ಅದಕ್ಕೇ ಮೈಸೂರಿನ ಡಾಕ್ಟರು ತಮ್ಮ ಕೈಯಾರೆ ಬರೆದು ಸಹಿ ಹಾಕಿದ ಕಾಗದವನ್ನು ಇದರ ಜೊತೆ ಇಟ್ಟಿದ್ದೇನೆ. ಅದನ್ನು ಓದಿ, ಬೇಕಾದರೆ ಅವರಿಗೇ ಫೋನು ಮಾಡಿ ಕೇಳು, ಆಮೇಲೆ ಮುಂದಕ್ಕೆ ಓದು.

ಈಗ ಇದು ಹೇಗಾಯಿತು ಅಂದರೆ, ನಿನ್ನ ಅಪ್ಪ ಹೊನ್ನಯ್ಯನ ಬುದ್ಧಿಯಿಂದಲೇ ಆಯಿತು.

ಜೂನ್‌ನಲ್ಲಿ ಮೊದಲನೇ ರಿಪೋರ್ಟು ಬಂದ ದಿನ ನಾವು ನಾಲ್ಕೂ ಜನ ಮೈಸೂರಿಗೆ ಹೋಗಿದ್ದೆವಲ್ಲ. ಡಾಕ್ಟರು ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು. ಎಲ್ಲರ ಮೈಯ ಒಂದೊಂದು ಕಣದಲ್ಲೂ ನಲವತ್ತಾರು ಕ್ರೋಮೋಸೋಮು ಇರುತ್ತವೆ, ಅದರಲ್ಲಿ ಹೆಣ್ಣಿಗೆ ಎರಡು ಎಕ್ಸ್, ನಿಮ್ಮ ಮಗಳಿಗೆ ಒಂದೇ ಇದೆ, ಒಟ್ಟು ನಲವತ್ತೈದು ಅಂದರು. ನೀನು ನಾಲ್ಕೂವರೆ ಅಡಿಗೆ ನಿಂತುಬಿಟ್ಟಿದ್ದಕ್ಕೂ, ಮೈನೆರೆಯದೆ ಉಳಿದಿದ್ದಕ್ಕೂ ಅದೇ ಕಾರಣ ಅಂದರು. “ಇವಳು ಹುಡುಗೀನೇ, ಅದರಲ್ಲಿ ಅನುಮಾನವೇ ಬೇಡ. ಮಾತ್ರೆ ಬಿಡಬಾರದು, ಮೂಳೆಗೆ ಬೇಕು, ಮೈಗೆ ಬೇಕು. ಹೃದಯದ ಸ್ಕ್ಯಾನ್ ಒಂದು ಮಾಡಿಸಬೇಕು” ಅಂದರು. ನೀನು ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ನಾನು ಮಾತ್ರ, “ನಲ್ವತ್ತೈದಾ? ಇನ್ನೊಂದ್ ಸಲ ಎಣಿಸ್ತೀರಾ ಮೇಡಮ್ಮೋರೆ?” ಅಂದೆ. ನೀನು ಮೇಜಿನ ಕೆಳಗಿಂದ ನನ್ನ ಕಾಲು ತುಳಿದೆ.

ಅಲ್ಲೇ ಅವರು ಇನ್ನೊಂದು ಪ್ರಶ್ನೆ ಕೇಳಿದರು. ಇಷ್ಟು ವರ್ಷ ಯಾರೂ ಗಮನಿಸಲಿಲ್ಲವಾ, ಹತ್ತು ವರ್ಷದೊಳಗೆ ಕರೆದುಕೊಂಡು ಬಂದಿದ್ದರೆ ಎತ್ತರಕ್ಕೂ ಇಂಜೆಕ್ಷನ್ ಇತ್ತಲ್ಲ, ಅಂದರು. ಆಗ ನಿನಗೆ ನಾಲ್ಕನೇ ಕ್ಲಾಸಿನಲ್ಲಿ ಸ್ಕೂಲಿಗೆ ತಪಾಸಣೆಗೆ ಬಂದ ಡಾಕ್ಟರು ಕೊಟ್ಟ ಚೀಟಿ ನೆನಪಾಯಿತು. ಊಟದ ಬ್ಯಾಗಿನಲ್ಲಿ ಇಟ್ಟುಕೊಂಡು ಬಂದಿದ್ದೆ, ಆಮೇಲೆ ಏನಾಯಿತೋ ಗೊತ್ತಿಲ್ಲ ಅಂದೆ. ಅಮ್ಮ ತಲೆ ಬಗ್ಗಿಸಿಕೊಂಡು, “ನಾನೇ ಒಲೆಗಾಕ್ದೆ ಕಣವ್ವ, ಏನೋ ಕಾಗ್ದ ಅಂತ” ಅಂದಳು. ಆ ದಿನದಿಂದ ನೀನು ಅವಳ ಜೊತೆ ಮಾತು ಬಿಟ್ಟೆ. ಆ ಚೀಟಿಯ ವಿಷಯಕ್ಕೆ ಆಮೇಲೆ ಬರುತ್ತೇನೆ. ಈಗ ಬರೆಯಲು ಕೈ ಬರುತ್ತಿಲ್ಲ.

ರಿಪೋರ್ಟು ಮನೆಗೆ ಬಂತು, ನನ್ನ ಅನುಮಾನದ ಹುಳವೂ ಬಂತು. ಮೂವತ್ತು ವರ್ಷದಿಂದ ದನದ ಆಸ್ಪತ್ರೆಯಲ್ಲಿ ಇನ್ಸ್‌ಪೆಕ್ಟರಾಗಿರುವವನು ನಾನು. ಸರ್ಕಾರದ ಕಾಗದ ಹೇಗೆ ತಯಾರಾಗುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಯಲಿಯೂರಿನಲ್ಲಿ ಹುಣಸೆ ಮರದ ನೆರಳಲ್ಲಿ ಕೂತು, ಕಾಲುಬಾಯಿ ಜ್ವರದ ಲಸಿಕೆ ಹಾಕದ ದನಗಳಿಗೂ ಹಾಕಿದೆನೆಂದು ಬರೆದಿದ್ದೇನೆ. ಒಬ್ಬರ ಹಸುವಿನ ಕಿವಿಯ ಟ್ಯಾಗು ಇನ್ನೊಬ್ಬರ ಎಮ್ಮೆಗೆ ಹೋಗಿದ್ದನ್ನು ಕಂಡೂ ಸುಮ್ಮನಿದ್ದೇನೆ. ನಾನೇ ಇಷ್ಟು ಮಾಡಿರುವಾಗ ಬೆಂಗಳೂರಿನ ಯಾವುದೋ ಲ್ಯಾಬಿನವನು ಸಾಚಾ ಇರುತ್ತಾನಾ? ಟ್ಯೂಬು ಅದಲುಬದಲಾಗಿರಬೇಕು, ಇಲ್ಲವೇ ಎಣಿಸುವವನು ಟೀ ಕುಡಿಯಲು ಎದ್ದು ಹೋಗಿರಬೇಕು ಅನ್ನಿಸಿತು. ಡಾಕ್ಟರಮ್ಮನ ಮೇಲೂ ಅನುಮಾನ ಬಂತು, ಅಷ್ಟು ಮೃದುವಾಗಿ ಮಾತಾಡುವವರು ಏನನ್ನೋ ಮುಚ್ಚಿಡುತ್ತಾರೆ ಎಂದು.

ಮೇಲೆ ಊರಿನವರ ಕಾಟ. ಪಕ್ಕದ ಮನೆಯ ಚಿಕ್ಕಬೋರಮ್ಮ ನಿನಗೆ ಗೊತ್ತಲ್ಲ. ನೀರು ಹಿಡಿಯುವ ನೆಪದಲ್ಲಿ ನಮ್ಮ ಹಿತ್ತಲಿಗೇ ಬಂದು ನಿನ್ನ ಅಮ್ಮನನ್ನು ಕೆದಕಿದಳು.

“ಚಲುವಿ, ಗಗನುನ್ ರಕ್ತವ ಬೆಂಗ್ಳೂರ್ಗೆ ಕಳ್ಸಿದ್ರಂತಲ್ಲ, ಗಂಡಾ ಎಣ್ಣಾ ನೋಡಾಕಾ? ಮದ್ವೆ ಆಗ್ದಿರೋ ಮಗೀಗೆ ಅದ್ಯಾತರ್ ಪರೀಕ್ಸೆ ಕಣಮ್ಮ?”

“ಮೈಯಲ್ಲಿ ರಕ್ತ ಕಮ್ಮಿ ಅದೆ ಅಂತ ನೋಡ್ಸುದ್ವಿ ಬುಡಕ್ಕ.”

“ಊಂ, ನೋಡ್ಸಿ ನೋಡ್ಸಿ. ಗುಡ್ಲು ಆಕಿ ಒಸಗೆ ಮಾಡ್ನಿಲ್ಲ, ಈಗ ರಕ್ತ ಪರೀಕ್ಸೆ.”

ನಮ್ಮ ಜಿಲ್ಲೆಯಲ್ಲಿ ಹೆಣ್ಣುಮಕ್ಕಳ ರಕ್ತ, ಸ್ಕ್ಯಾನು ಎಂದರೆ ಜನಕ್ಕೆ ಹೊಟ್ಟೆಯಲ್ಲಿರುವ ಮಗು ಗಂಡೋ ಹೆಣ್ಣೋ ನೋಡಿಸುವುದು ಬಿಟ್ಟು ಬೇರೆ ಯಾವುದೂ ಹೊಳೆಯುವುದಿಲ್ಲ, ಅದಕ್ಕೆ ಅವಳೊಬ್ಬಳನ್ನೇ ಬಯ್ದು ಏನು ಪ್ರಯೋಜನ? ನಿನಗೆ ಹದಿಮೂರಾದಾಗಲೇ ಜನ ಕೇಳಲು ಶುರು ಮಾಡಿದ್ದರು, ಹುಡುಗಿ ಮೈನೆರೆದಳಾ, ಸೋದರಮಾವ ಸೊಪ್ಪಿನ ಗುಡ್ಲು ಹಾಕುವುದು ಯಾವಾಗ, ಒಸಗೆ ಊಟ ಯಾವಾಗ ಎಂದು. ಮಳವಳ್ಳಿಯಲ್ಲೇ ಮುಗಿಸಿದೆವು ಎಂದು ನಾನು ಬಾಯಿ ಮುಚ್ಚಿಸುತ್ತಾ ಬಂದಿದ್ದೆ. ಆ ಸುಳ್ಳನ್ನು ಅವರು ಯಾರೂ ನಂಬಿರಲಿಲ್ಲ.

ಲ್ಯಾಬನ್ನೇ ಪರೀಕ್ಷೆ ಮಾಡಬೇಕು ಎಂದು ನನಗೆ ಹಟ ಬಂತು. ಇನ್ನೊಂದು ಸಲ ರಕ್ತ ಕೊಡು ಎಂದರೆ ನೀನು, “ನನ್ನನ್ನೇನು ಡೈರಿ ಹಾಲು ಅಂದ್ಕೊಂಡ್ಯಾ, ದಿನಾ ಟೆಸ್ಟ್ ಮಾಡ್ಸಕೆ?” ಎಂದೆ. ಸರಿ, ಜುಲೈನಲ್ಲಿ ಒಂದು ಮಧ್ಯಾಹ್ನ ಆಸ್ಪತ್ರೆಯಲ್ಲಿ ಯಾರೂ ಇಲ್ಲದಾಗ ನಾನೇ ನನ್ನ ಎಡಗೈಗೆ ರಬ್ಬರು ಬಿಗಿದುಕೊಂಡೆ. ಹಸುವಿನ ಕುತ್ತಿಗೆಯಲ್ಲಿ ಕಣ್ಣು ಮುಚ್ಚಿಕೊಂಡು ನರ ಹಿಡಿಯುವವನು ನಾನು, ನನ್ನ ಕೈಯ ನರ ಸಿಗಲು ಮೂರು ಸಲ ಚುಚ್ಚಬೇಕಾಯಿತು. ನಿನ್ನ ರಕ್ತಕ್ಕೆ ಬಳಸಿದ್ದರಲ್ಲ, ಹಸಿರು ಮುಚ್ಚಳದ ಟ್ಯೂಬು, ಅಂಥದ್ದೇ ತಂದು ತುಂಬಿದೆ. ಅದೇ ಲ್ಯಾಬಿನ ಮಂಡ್ಯದ ಕಲೆಕ್ಷನ್ ಸೆಂಟರಿನಲ್ಲಿ ಕೊಟ್ಟು, ಮಗಳದು, ಮನೆಯಲ್ಲೇ ನರ್ಸ್ ತೆಗೆದದ್ದು ಅಂದೆ. ಅಲ್ಲಿದ್ದ ಹುಡುಗಿ ನನ್ನ ಕುತ್ತಿಗೆಯ ಐಡಿ ಕಾರ್ಡು ನೋಡಿ, “ಡಾಕ್ಟ್ರಾ ಸಾರ್?” ಅಂದಳು. ಹೌದು ಅಂದೆ. ಅದರಲ್ಲಿ ದನದ ಆಸ್ಪತ್ರೆ ಎಂದು ಬರೆದಿರುವುದನ್ನು ಅವಳು ಓದಲಿಲ್ಲ.

ನನ್ನ ಲೆಕ್ಕ ಇಷ್ಟೇ. ಕಳ್ಳ ಲ್ಯಾಬಾಗಿದ್ದರೆ ಹಳೆಯ ರಿಪೋರ್ಟು ನೋಡಿ ಮತ್ತೆ ನಲವತ್ತೈದು ಎಂದೇ ಬರೆಯುತ್ತದೆ, ಆಗ ಆ ಎರಡೂ ಕಾಗದ ಹಿಡಿದು ಅವರ ಮಾನ ತೆಗೆಯಬೇಕು. ಪ್ರಾಮಾಣಿಕ ಲ್ಯಾಬಾಗಿದ್ದರೆ ಗಂಡಸಿನದು ಎಂದು ಬರುತ್ತದೆ. ಹಾಗೆ ಬಂದರೆ ಆ ಕವರ್ ಯಾರ ಕೈಗೆ ಸಿಗುತ್ತದೆ ಎಂದು ಮಾತ್ರ ಈ ಬುದ್ಧಿವಂತ ಯೋಚಿಸಲಿಲ್ಲ. ಕೊರಿಯರಿನವನು ನನಗೇ ಫೋನು ಮಾಡುತ್ತಾನೆ ಅಂದುಕೊಂಡಿದ್ದೆ. ಕವರಿನ ಮೇಲೆ ಇದ್ದದ್ದು ನಿನ್ನ ಹೆಸರು, ಅವನು ನಿನ್ನ ಕೈಗೇ ಕೊಟ್ಟು ಹೋದ.

ಅವತ್ತು ಸಾಯಂಕಾಲ ಲಸಿಕೆ ಮುಗಿಸಿಕೊಂಡು ಬಂದರೆ ಮಂಚದ ಮೇಲೆ ಒಡೆದ ಕವರ್. ನೀನಿಲ್ಲ. ಲ್ಯಾಬಿನವರು ಕೆಳಗೆ ಒಂದು ಸಾಲು ಸೇರಿಸಿದ್ದರು, ಫಾರಮ್ಮಿನಲ್ಲಿ ಹೆಣ್ಣು ಎಂದಿದೆ, ರಕ್ತ ಹೊಂದುತ್ತಿಲ್ಲ, ಮತ್ತೆ ಪರೀಕ್ಷಿಸಿ ಎಂದು. ನೀನು ಆ ಸಾಲಿನವರೆಗೆ ಓದಿದ್ದೆಯೋ ಇಲ್ಲವೋ. ಅಪ್ಪು ಹೊಸಿಲ ಮೇಲೆ ಕೂತಿದ್ದ. “ಬ್ಯಾಗ್ ತಕ್ಕಂಡು ವೊಂಟೋದ್ಲು ಕಣಪ್ಪ. ‘ನಾನೂ ನಿನ್ನಂಗೆ ಗಂಡಂತೆ ಕಣ್ಲಾ’ ಅಂತ ನಕ್ಕುದ್ಲು. ನಂಗೆ ಆ ನಗ ನೋಡಿ ಬಯ ಆಯ್ತು” ಅಂದ.

ಆಗಲೇ ಓಡಿ ಬಂದು ಹೇಳಬೇಕಿತ್ತು. ಹೇಳಲಿಲ್ಲ. ನಾಚಿಕೆಯಾಯಿತು ಮಗಳೇ. ಇನ್ನೂ ನಿಜ ಹೇಳಬೇಕೆಂದರೆ, ಲ್ಯಾಬು ಸರಿಯಾಗಿಯೇ ಇದೆ ಎಂದಾದ ಮೇಲೆ ನನಗೆ ಅನುಮಾನಪಡಲು ಹೊರಗೆ ಯಾರೂ ಉಳಿಯಲಿಲ್ಲ. ಅದು ನನ್ನನ್ನು ಹೆದರಿಸಿತು.

ಮೊನ್ನೆ ಗುರುವಾರ ರಜೆ ಹಾಕಿ ಒಬ್ಬನೇ ಮೈಸೂರಿಗೆ ಹೋದೆ. ಡಾಕ್ಟರಿಗೆ ಎರಡನೇ ರಿಪೋರ್ಟು ತೋರಿಸಿದೆ. ನೋಡುತ್ತಿದ್ದ ಹಾಗೆ ಅವರ ಮುಖ ಗಂಭೀರವಾಯಿತು, ಯಾರಿಗೋ ಫೋನು ಮಾಡಲು ಹೊರಟರು. ಆಗ ಬಾಯಿಬಿಟ್ಟೆ. ಅವರು ಫೋನು ಕೆಳಗಿಟ್ಟು ನನ್ನನ್ನೇ ನೋಡಿದರು.

“ಹೊನ್ನಯ್ಯನವರೇ, ನೀವು ಏನು ಮಾಡಿದ್ದೀರ ಗೊತ್ತಾ? ಹುಡುಗಿಯ ರಕ್ತದಲ್ಲಿ ವೈ ಕಂಡರೆ ಹೊಟ್ಟೆಯೊಳಗೆ ಗೆಡ್ಡೆ ಬೆಳೆಯೋ ಅಪಾಯ ಇರುತ್ತೆ. ಈ ರಿಪೋರ್ಟನ್ನ ನಂಬಿದ್ದರೆ ನಾನು ಆ ಹುಡುಗಿ ಹತ್ತಿರ ಆಪರೇಷನ್ ವಿಷಯ ಮಾತಾಡಬೇಕಾಗಿತ್ತು. ನಿಮ್ಮ ರಕ್ತ ನೋಡಿಕೊಂಡು ಅವಳ ಹೊಟ್ಟೆ ಕುಯ್ಯಬೇಕಿತ್ತಾ?”

ನಾನು ಕೈಮುಗಿದೆ. ಬೇಕಾದಷ್ಟು ಬಯ್ದರು, ನೀರು ಕುಡಿಸಿದರು. ಆಮೇಲೆ, ಇಷ್ಟೆಲ್ಲ ಮಾಡುವಷ್ಟು ಅನುಮಾನ ನಿಮಗೆ ಯಾತಕ್ಕೆ ಎಂದು ಕೇಳಿದರು. ಹತ್ತೊಂಬತ್ತು ವರ್ಷದಿಂದ ನಿನ್ನ ಅಮ್ಮನಿಗೂ ಹೇಳದ ಮಾತನ್ನು ಅವರ ಮುಂದೆ ಹೇಳಿದೆ. “ಜೋಡಿ ಹುಟ್ಟಿದ್ದಕ್ಕೆ ಹಿಂಗಾಯ್ತಾ ಮೇಡಂ? ಗಂಡಿನ ಜೊತೆ ಹುಟ್ಟಿದ್ದಕ್ಕೆ?”

ನಿನಗೆ ಆರೋ ಏಳೋ ವರ್ಷ ಇರಬೇಕು. ಬೇಸಿಗೆ ರಜೆಯಲ್ಲಿ ಬೈಕಿನ ಟ್ಯಾಂಕಿನ ಮೇಲೆ ಕೂರಿಸಿಕೊಂಡು ನಿನ್ನನ್ನು ಡ್ಯೂಟಿಗೆ ಕರೆದುಕೊಂಡು ಹೋಗುತ್ತಿದ್ದೆ. ಬಂಡೂರಿನ ಕಡೆ ಪುಟ್ಟಮಾದಯ್ಯನ ಕೊಟ್ಟಿಗೆಗೆ ಹೋಗಿದ್ದೆವು. ಅವನ ಹಸು ಜೋಡಿ ಕರು ಹಾಕಿತ್ತು, ಒಂದು ಹೋರಿ, ಒಂದು ಹೆಣ್ಣು. ಅವನಿಗೆ ಹಿಗ್ಗೋ ಹಿಗ್ಗು. ನಾನು ಹೆಣ್ಣು ಕರುವಿನ ಬಾಲ ಎತ್ತಿ ನೋಡಿ, ಎಲ್ಲರಿಗೂ ಹೇಳುವ ಮಾತನ್ನೇ ಹೇಳಿದೆ. “ಓರಿಯ ಮಡಿಕೊ ಪುಟ್ಟಮಾದಯ್ಯ, ಎಣ್ಗರ ಮಾರ್ಬುಡು. ಓರಿ ಜೊತೆ ಉಟ್ಟಿದ್ದು ಗಬ್ಬ ನಿಲ್ಲಲ್ಲ. ಮೇವು ದಂಡ.” ನೀನು ಗೊಂತಿನ ಹತ್ತಿರ ನಿಂತು ಆ ಕರುವಿನ ಮೂತಿ ಸವರುತ್ತಿದ್ದೆ. ಬೈಕ್ ಹತ್ತುವಾಗ ಕೇಳಿದೆ, “ಅಪ್ಪಾ, ನಾನೂ ಅಪ್ಪುನೂ ಜೋಡಿ ಅಲ್ವಾ?” “ನೀನೇನು ಕರನಾ?” ಎಂದು ನಾನು ನಕ್ಕೆ. ನೀನೂ ನಕ್ಕೆ. ಮದ್ದೂರು ದಾಟುವವರೆಗೆ ನನಗೆ ರಸ್ತೆ ಕಾಣಲಿಲ್ಲ.

ನೀನು ಹುಟ್ಟಿದಾಗ ನಿನ್ನ ಪಾದ ಊದಿಕೊಂಡಿದ್ದವು. ಅವತ್ತೇ ನನಗೆ ಹುಳ ಬಿಟ್ಟಿತ್ತು, ಪುಟ್ಟಮಾದಯ್ಯನ ಕೊಟ್ಟಿಗೆಯಲ್ಲಿ ಅದು ಬೆಳೆಯಿತು. ಯುಗಾದಿಗೊಮ್ಮೆ ಬಾಗಿಲ ಪಟ್ಟಿಗೆ ನಿಮ್ಮಿಬ್ಬರನ್ನೂ ನಿಲ್ಲಿಸಿ ಪೆನ್ಸಿಲಿನಲ್ಲಿ ಗೆರೆ ಹಾಕುತ್ತಿದ್ದೆನಲ್ಲ, ಅದು ಆಟವಾಗಿರಲಿಲ್ಲ. ಅಪ್ಪುವಿನ ಗೆರೆ ಮೇಲೆ ಹೋಗುತ್ತಿತ್ತು, ನಿನ್ನದು ಅಲ್ಲೇ ಇರುತ್ತಿತ್ತು. ನೋಡಲಾಗದೆ ಒಂದು ವರ್ಷ ನಿಲ್ಲಿಸಿಬಿಟ್ಟೆ. ಪಾಪ, ಆ ಹುಡುಗ ಅಪ್ಪುವಿನ ಮೇಲೂ ಒಳಗೊಳಗೇ ಸಿಟ್ಟಾಗಿದ್ದೆ, ಹೊಟ್ಟೆಯೊಳಗೇ ನಿನ್ನದನ್ನು ಕಿತ್ತುಕೊಂಡನೇನೋ ಎಂಬಂತೆ.

ಡಾಕ್ಟರು ಎಲ್ಲವನ್ನೂ ಕೇಳಿಸಿಕೊಂಡರು. ಈ ಸಲ ಬಯ್ಯಲಿಲ್ಲ. “ಹಸುವಿನ ಹೊಟ್ಟೆಯಲ್ಲಿ ಎರಡು ಕರುವಿನ ಮಾಸು ಸೇರಿಕೊಂಡು ರಕ್ತ ಅತ್ತಿಂದಿತ್ತ ಹರಿಯುತ್ತೆ, ಅದಕ್ಕೆ ಹೆಣ್ಣು ಕರು ಕೆಡುತ್ತೆ. ನೀವು ಓದಿದ್ದು ಸರಿ. ಆದರೆ ಅದು ಹಸುವಿಗೆ. ಮನುಷ್ಯರಲ್ಲಿ ಹಾಗಾಗಲ್ಲ. ಗಗನಂಗೆ ಆಗಿರೋದೇ ಬೇರೆ. ಅವಳು ಒಬ್ಬಳೇ ಹುಟ್ಟಿದ್ದರೂ ಹೀಗೇ ಇರುತ್ತಿದ್ದಳು. ಅವಳ ಅಣ್ಣನದೂ ತಪ್ಪಲ್ಲ, ನಿಮ್ಮದೂ ಅಲ್ಲ, ತಾಯಿಯದೂ ಅಲ್ಲ. ಎರಡು ಸಾವಿರ, ಎರಡೂವರೆ ಸಾವಿರ ಹೆಣ್ಣುಮಕ್ಕಳಲ್ಲಿ ಒಬ್ಬರಿಗೆ ಹೀಗೆ ಆಗುತ್ತೆ, ಸುಮ್ಮನೆ ಆಗುತ್ತೆ” ಅಂದರು. ರೈಲಿನಲ್ಲಿ ಬರುವಾಗ ಪಕ್ಕದಲ್ಲಿದ್ದವರು ಯಾಕೆ ಅಳುತ್ತಿದ್ದೀರ ಎಂದು ಕೇಳಿದರು. ಕಣ್ಣಿಗೆ ಧೂಳು ಬಿತ್ತು ಎಂದೆ, ಅವರೂ ನಂಬಲಿಲ್ಲ.

ಈಗ ನಾನು ನಿನ್ನಲ್ಲಿ ಕೇಳುವುದು ಇಷ್ಟು. ನೀನು ಹುಡುಗಿ. ಮೊದಲನೇ ರಿಪೋರ್ಟೇ ನಿಜ. ಈ ಕಾಗದ ಮಡಿಸುವ ಮೊದಲು ಕಿಟಕಿಯ ಮೇಲಿನ ಮಾತ್ರೆ ತೆಗೆದುಕೊ. ಇಷ್ಟು ದಿನ ಬಿಟ್ಟಿದ್ದಕ್ಕೆ ಏನೂ ಆಗುವುದಿಲ್ಲ, ಇವತ್ತಿನಿಂದಲೇ ಮುಂದುವರಿಸಲಿ ಎಂದು ಡಾಕ್ಟರು ಹೇಳಿದ್ದಾರೆ. ಇದೇ 18ನೇ ತಾರೀಖು, ಗುರುವಾರ, ಹೃದಯದ ಸ್ಕ್ಯಾನಿಗೆ ಹೆಸರು ಬರೆಸಿ ಬಂದಿದ್ದೇನೆ. ಅತ್ತೆಯ ಜೊತೆ ನೇರವಾಗಿ ಮೈಸೂರಿಗೆ ಹೋಗುವುದಾದರೆ ಹೋಗು. ನನ್ನ ಮುಖ ನೋಡಬೇಕಾಗಿಲ್ಲ, ನಾನು ಬರುವುದಿಲ್ಲ. ಅಮ್ಮನನ್ನು ಮಾತ್ರ ಬೇಡ ಅನ್ನಬೇಡ.

ಅವಳು ದಿನವೂ ಅತ್ತೆಗೆ ಫೋನು ಮಾಡಿ ಮೊದಲು ಕೇಳುವುದು, “ಮಗ ಅಲ್ಲುಜ್ಜುದ್ಲಾ?” ಎಂದೇ ಅಂತೆ. ಊಟ ಮಾಡಿದಳಾ, ನಿದ್ದೆ ಮಾಡಿದಳಾ ಎನ್ನುವುದೆಲ್ಲ ಆಮೇಲೆ. ಡಿಗ್ರಿ ಓದುವ ಹುಡುಗಿಗೆ ಇದೇನು ಹಲ್ಲಿನ ವಿಚಾರಣೆ ಎಂದು ಅತ್ತೆ ನಗುತ್ತಾಳೆ. ನೀನೂ ಚಿಕ್ಕಂದಿನಿಂದ ಇದಕ್ಕೆ ರೇಗುತ್ತಿದ್ದೆ. ನಾನು ನಗಲಾರೆ.

ನಿನಗೆ ಒಳ್ಳೆಯದಾಗಲಿ. ನಮ್ಮ ಹಟ್ಟಿ ಮಾರಮ್ಮ ನಿನ್ನನ್ನು ನೂರು ವರ್ಷ ಗಟ್ಟಿಯಾಗಿ ಇಟ್ಟಿರಲಿ. ಅತ್ತೆಗೆ, ಮಾವನಿಗೆ ನನ್ನ ನಮಸ್ಕಾರ ಹೇಳು.

ಇಂತಿ,
ನಿನ್ನ ಅಪ್ಪ
ಹೊನ್ನಯ್ಯ

ತಾ.ಕ.: ಆ ಚೀಟಿಯ ವಿಷಯ. ಕಾಗದ ಅಂಟಿಸಿ, ಮತ್ತೆ ಒಡೆದು ಬರೆಯುತ್ತಿದ್ದೇನೆ. ಅದನ್ನು ಅಮ್ಮ ಒಲೆಗೆ ಹಾಕಲಿಲ್ಲ. ನಿನ್ನ ಬ್ಯಾಗಿನಲ್ಲಿ ಸಿಕ್ಕಿದ ಕೂಡಲೇ, “ಏನೋ ಇಂಗ್ಲಿಸ್ನಲ್ಲಿ ಬರ್ದವ್ರೆ, ಓದಿ ಏಳಿ” ಎಂದು ನನ್ನ ಕೈಗೆ ತಂದುಕೊಟ್ಟಳು. ನಾನು ಓದಿದೆ. ವಯಸ್ಸಿಗೆ ತಕ್ಕ ಎತ್ತರವಿಲ್ಲ, ಬೇಗ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ ಕ್ರೋಮೋಸೋಮು ಪರೀಕ್ಷೆ ಮಾಡಿಸಿ ಎಂದಿತ್ತು. ನನಗೆ ಮೊದಲೇ ಗೊತ್ತಿರುವುದನ್ನು ಪರೀಕ್ಷೆ ಮಾಡಿಸಿ ಊರಿಗೆಲ್ಲ ಯಾಕೆ ಸಾರಬೇಕು, ಇದಕ್ಕೆ ಮದ್ದಿಲ್ಲ, ಎಂದು ಪುಟ್ಟಮಾದಯ್ಯನ ಕರುವನ್ನು ನೆನೆದುಕೊಂಡು ಮಡಿಸಿ ಜೇಬಿಗೆ ಹಾಕಿಕೊಂಡೆ. ಏನಂತೆ ಎಂದು ಅಮ್ಮ ಕೇಳಿದಳು. “ಹಲ್ಲು ಹುಳುಕಾಗ್ತಾವಂತೆ, ಸರಿಯಾಗಿ ಉಜ್ಜಿಸ್ಬೇಕಂತೆ” ಅಂದೆ. ಆ ವರ್ಷವೆಲ್ಲ ದಿನಕ್ಕೆರಡು ಸಲ ನಿನ್ನನ್ನು ಬಚ್ಚಲ ಕಟ್ಟೆಯ ಮೇಲೆ ಕೂರಿಸಿಕೊಂಡು ಅವಳೇ ಹಲ್ಲು ಉಜ್ಜುತ್ತಿದ್ದಳಲ್ಲ, ಅದು ಇದಕ್ಕೆ.

ಜೂನ್‌ನಲ್ಲಿ ಡಾಕ್ಟರು ಕೇಳಿದಾಗ ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು. ಅಷ್ಟರಲ್ಲೇ ಅವಳಿಗೆ ಎಲ್ಲ ತಿಳಿಯಿತು. ತಿಳಿದೇ ತನ್ನ ಮೇಲೆ ಹಾಕಿಕೊಂಡಳು. ರೈಲಿನ ಬಾಗಿಲ ಹತ್ತಿರ ಯಾಕೆ ಎಂದು ಕೇಳಿದೆ. “ಅವ್ಳು ಯಾರೋ ಒಬ್ರುನ್ನಾದ್ರೂ ನಂಬ್ಕಂಡ್ ಇರ್ಬೇಕಲ್ಲ. ನಿಮ್ಮುನ್ನ ನಂಬ್ತಾಳೆ. ನಂಗೇನು, ನಾನು ಬೈಸ್ಕತೀನಿ” ಅಂದಳು. ಇಷ್ಟಾದ ಮೇಲೂ ನಿನ್ನ ಹಲ್ಲು ವಿಚಾರಿಸುವುದನ್ನು ಬಿಟ್ಟಿಲ್ಲ. ಬಿಡಲು ಅವಳಿಗೆ ಬರುವುದಿಲ್ಲ.

ಚೀಟಿ ಹತ್ತು ವರ್ಷ ನನ್ನ ಔಷಧಿ ಕಿಟ್ಟಿನ ಅಡಿಯಲ್ಲಿತ್ತು. ಇದರ ಜೊತೆ ಇಟ್ಟಿದ್ದೇನೆ. ನಿನಗೆ ಇಂಗ್ಲಿಷ್ ಬರುತ್ತದೆ, ನೀನೇ ಓದಿಕೊ. ಹಲ್ಲಿನ ವಿಷಯ ಅದರಲ್ಲಿ ಒಂದು ಅಕ್ಷರವೂ ಇಲ್ಲ.